ಸೀಟು ಹದ ಮಾಡುವ ಯಾಕೂಬಸಾಬ

ಚಂದ್ರಾಮಪ್ಪನ ನೋವು ಸೀಟಿನಲ್ಲಿರಲಿಲ್ಲ. ಇದನ್ನು ಈಗ ಗೊಬ್ಬೂರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತವರಂತೂ ತಾವೇ ಡಾಕ್ಟರರು ಎನ್ನುವ ಹಾಗೆ ಹೇಳುತ್ತಾರೆ. ಕೆಟ್ಟ ಮೇಲೆ ಬುದ್ಧಿ ಎಲ್ಲರಿಗೂ ಬರುತ್ತದೆ. ಹೊತ್ತಿಗೆ ಸರಿಯಾಗಿ ಗೊತ್ತಿದ್ದವರು ಮೂರೇ ಜನ. ಒಬ್ಬ ಸ್ವತಃ ಚಂದ್ರಾಮಪ್ಪ, ಅವನು ಬಾಯಿ ಬಿಡಲಿಲ್ಲ. ಇನ್ನೊಬ್ಬ ಸೈಕಲ್ ರಿಪೇರಿಯ ಯಾಕೂಬಸಾಬ, ಅವನೂ ಬಿಡಲಿಲ್ಲ. ಮೂರನೆಯವಳು ಯಾಕೂಬಸಾಬನ ಹೆಂಡತಿ ಪ್ಯಾರಿಬಿ. ಅವಳ ಬಾಯಿಯನ್ನು ಗಂಡನೇ ಮುಚ್ಚಿಸಿದ. ತಿಳಿಯಬೇಕಾಗಿದ್ದವಳು ಒಬ್ಬಳೇ, ಚಂದ್ರಾಮಪ್ಪನ ಹೆಂಡತಿ ಗಂಗಾಬಾಯಿ. ಅವಳಿಗೆ ಒಂದು ಮಾತು ಹೊತ್ತಿಗೆ ಮುಟ್ಟಿದ್ದರೆ ಚಂದ್ರಾಮಪ್ಪ ಇಂದು ಇರುತ್ತಿದ್ದನೋ ಏನೋ.

ಯಾಕೂಬಸಾಬ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಕಥೆ ಹೇಳುವುದು ಸುಲಭವಿತ್ತು.

ಬಸ್ಸು ನಿಲ್ಲುವ ಜಾಗದ ಹತ್ತಿರ ಅವನದೊಂದು ತಗಡಿನ ದುಕಾನು. ವಯಸ್ಸು ಅರವತ್ತನಾಲ್ಕು. ಈಗ ಯಾರ ಮನೆಯಲ್ಲಿ ನೋಡಿದರೂ ಮೋಟಾರ್ ಸೈಕಲ್ಲು, ಹೀಗಾಗಿ ಅವನ ದುಡಿಮೆಯೆಲ್ಲ ಪಂಚರ್ ಮತ್ತು ಗಾಳಿಯದು. ಆದರೆ ಅವನ ಹೆಸರು ಇದ್ದದ್ದು ಸೀಟಿಗೆ. ಸೈಕಲ್ಲಿನ ಸೀಟನ್ನು ಕೂಡುವವನ ಮೈಗೆ ಹದ ಮಾಡಿ ಕೊಡುವುದರಲ್ಲಿ ಅವನಂಥವನು ಮೂರು ತಾಲೂಕಿನಲ್ಲಿ ಇಲ್ಲ ಎಂದು ಹಳಬರು ಆಣೆ ಮಾಡಿ ಹೇಳುತ್ತಿದ್ದರು. ಜೇವರ್ಗಿ ಕಡೆಯ ಕೊಳಕೂರಿನಿಂದ ಒಬ್ಬ ಮಾಸ್ತರರು ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದಿದ್ದರಂತೆ. ಆ ಕಥೆಯನ್ನು ಯಾಕೂಬಸಾಬ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ, ಕೇಳಿದವರು ಮೊದಲ ಸಲ ಕೇಳಿದಂತೆ ತಲೆಯಾಡಿಸುತ್ತಿದ್ದರು.

“ಹೊಸಾ ಸೀಟು ಅಂದ್ರ ಹೊಸಾ ಚಪ್ಪಲಿ ಇದ್ದಂಗ್ರಿ. ಕಚ್ಚತದ. ಕಚ್ಚೋದು ಎಲ್ಲಿ ಅಂತ ಹೇಳ್ರಿ, ಉಳದದ್ದು ನನಗ ಬಿಡ್ರಿ” ಎನ್ನುತ್ತಿದ್ದ.

ಅವನ ರೀತಿಯೇ ಬೇರೆ. ಮೊದಲು ಗಿರಾಕಿಯ ಮೊಣಕೈಯನ್ನು ಸೀಟಿನ ಮೂತಿಗೆ ಒತ್ತಿಸಿ ಕೈ ಚಾಚಿಸುವನು. ನಡುಬೆರಳು ಹ್ಯಾಂಡಲ್ಲಿಗೆ ಮುಟ್ಟಬೇಕು. ಆಮೇಲೆ ಹತ್ತಿಸಿ ಹಿಮ್ಮಡಿಯನ್ನು ಪೆಡಲಿನ ಮೇಲೆ ಇಡಿಸುವನು. ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಕೊನೆಗೆ ಪುಡಿಯ ಪರೀಕ್ಷೆ. ಸೀಟಿನ ಮೇಲೆ ತೆಳ್ಳಗೆ ಪುಡಿ ಉದುರಿಸಿ, ಗಿರಾಕಿಯನ್ನು ಕೂಡಿಸಿ, ರಸ್ತೆಯ ತಿರುವಿನ ತನಕ ಹೋಗಿ ಬಾ ಎನ್ನುವನು. ಇಳಿದ ಮೇಲೆ ಪುಡಿಯಲ್ಲಿ ಕೂಡುವ ಎಲುಬುಗಳ ಎರಡು ಗುರುತು ಮೂಡಿರುತ್ತವೆ. ಎರಡೂ ಸಮ ಇದ್ದರೆ ಸೀಟು ಹದವಾಗಿದೆ, ಒಂದು ಗಾಢ ಒಂದು ತೆಳುವಾದರೆ ಮತ್ತೆ ಪಾನಾ ಹಿಡಿದು ನಟ್ಟು ಸಡಿಲಿಸಬೇಕು. ಮೊದಮೊದಲು ಇದಕ್ಕೆ ಜೋಳದ ಹಿಟ್ಟು ಬಳಸುತ್ತಿದ್ದ. ಅನ್ನದ ಮೇಲೆ ಕುಂಡಿ ಊರಿಸುತ್ತೀಯಾ ಎಂದು ಊರಿನ ಹಿರಿಯರು ಉಗಿದರು. ಬೂದಿ ಹಾಕಿದ. ಲಿಂಗ ಕಟ್ಟಿದವರು, ಹಣೆಗೆ ಇಡುವುದರ ಮೇಲೆ ಕೂಡುವುದು ಹೇಗೆ ಎಂದು ಹಿಂದೆ ಸರಿದರು. ಕೊನೆಗೆ ಪಂಚರ್ ತಿದ್ದುವಾಗ ಟ್ಯೂಬಿಗೆ ಸವರುವ ಬಿಳಿ ಚಾಕ್ ಪುಡಿಯೇ ಗತಿಯಾಯಿತು. ಅದಕ್ಕೆ ಯಾವ ಜಾತಿಯ ತಕರಾರೂ ಇರಲಿಲ್ಲ.

ಇನ್ನೊಂದು ನೇಮ ಅವನದು. ದುಕಾನಿನಲ್ಲಿ ಕೇಳಿದ್ದನ್ನು ಹೊರಗೆ ಆಡುತ್ತಿರಲಿಲ್ಲ. ಇದು ಹುಟ್ಟುಗುಣವಲ್ಲ, ಏಟು ತಿಂದು ಕಲಿತದ್ದು. ಹತ್ತೊಂಬತ್ತರ ವಯಸ್ಸಿನಲ್ಲಿ ಆಳಂದದಲ್ಲಿ ಸೋದರಮಾವನ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಜಿಡಗಾ ಕಡೆಯ ಹುಡುಗನೊಬ್ಬ ಸೈಕಲ್ ಹತ್ತಿದ ಕೂಡಲೇ ಫಿಟ್ಸ್ ಬಂದು ಬಿದ್ದದ್ದನ್ನು ನೋಡಿದ. ನೋಡಿದ್ದನ್ನು ಚಹಾ ಕುಡಿಯುತ್ತ ನಾಲ್ಕು ಜನರ ಮುಂದೆ ಹೇಳಿದ. ಹದಿನೈದು ದಿನದಲ್ಲಿ ಆ ಹುಡುಗನ ನಿಶ್ಚಯವಾದ ಮದುವೆ ಮುರಿದು ಬಿತ್ತು. ಹುಡುಗನ ತಾಯಿ ಅಂಗಡಿಯ ಮುಂದೆ ಬಂದು ಮಣ್ಣು ತೂರಿ ಶಾಪ ಹಾಕಿದಳು. ಮಾವ ಎಲ್ಲರೆದುರಿಗೆ ಕಪಾಳಕ್ಕೆ ಬಿಟ್ಟು, “ಸೈಕಲ್ಲು ನಮ್ಮದು, ಮೈ ಅವರದು. ದುಕಾನಿನ ಮಾತು ದುಕಾನಿನ್ಯಾಗೇ ಇರಬೇಕು” ಎಂದ. ಯಾಕೂಬಸಾಬ ಆ ಮಾತನ್ನು ದಿನಾ ಓದುವ ಕಲಮಾದಂತೆ ಹಿಡಿದ. ನಲವತ್ತೈದು ವರ್ಷ ಬಿಡಲಿಲ್ಲ.

ಚಂದ್ರಾಮಪ್ಪ ಊರಿಗೆ ನೀರು ಬಿಡುವವನು. ಹಳ್ಳದ ದಂಡೆಯ ಪಂಪಿನ ಮನೆ ಊರಿನಿಂದ ಎರಡು ಕಿಲೋಮೀಟರ್ ದೂರ, ನೀರಿನ ಟಾಕಿ ಮೇಲಿನ ಓಣಿಯಲ್ಲಿ, ವಾಲ್ವುಗಳು ನಾಲ್ಕು ದಿಕ್ಕಿಗೆ. ಬೆಳಗಿನ ಐದರಿಂದ ಸೈಕಲ್ ಹೊಡೆಯುವುದೇ ಅವನ ನೌಕರಿ. ಹದಿನಾರು ವರ್ಷ ಹಾಗೆ ದುಡಿದಿದ್ದ, ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡಲು ಈ ವರ್ಷ ಪಂಚಾಯ್ತಿಯವರು ಹೆಸರು ಕಳಿಸುತ್ತಾರೆ ಎಂಬ ಸುದ್ದಿ ಇತ್ತು. ನಲವತ್ತೊಂಬತ್ತು ವಯಸ್ಸು, ಗಟ್ಟಿ ಆಳು. ನೀರು ಅರ್ಧ ತಾಸು ತಡವಾದರೆ ಹೆಂಗಸರು ಅವನ ಏಳು ತಲೆಮಾರನ್ನು ಎಣಿಸುತ್ತಿದ್ದರು, ಅವನು ನಗುತ್ತ ಕೊಡ ಎತ್ತಿ ಕೊಡುತ್ತಿದ್ದ.

ಯುಗಾದಿಗೆ ಸ್ವಲ್ಪ ಮುಂಚೆ ಅವನ ಹಳೇ ಸೀಟಿನ ಸ್ಪ್ರಿಂಗು ಮುರಿಯಿತು. ಯಾಕೂಬಸಾಬ ಹೊಸದು ಕೂಡಿಸಿದ. ಮೊಣಕೈ ಅಳತೆ, ಹಿಮ್ಮಡಿ ಅಳತೆ, ಪುಡಿ, ಎಲ್ಲ ಆಯಿತು. ಎರಡು ಗುರುತು ಸಮವಾಗಿ ಮೂಡಿದವು. ನಾಲ್ಕನೆಯ ದಿನ ಚಂದ್ರಾಮಪ್ಪ ತಿರುಗಿ ಬಂದ.

“ಕಾಕಾ, ಸೀಟು ಒತ್ತಾಕತ್ತದ ನೋಡ್ರಿ.”

“ಎಲ್ಲಿ?”

“ನಡಕ. ಒಳಗಿನಿಂದ ಒತ್ತಿದಂಗ.”

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ. ಹೊಸ ಸೀಟು ಬಂದದ್ದೂ ಆಗಲೇ, ನೋವು ಕಾಣಿಸಿದ್ದೂ ಆಗಲೇ. ಇಬ್ಬರೂ ಸೀಟನ್ನೇ ಹಿಡಿದರು. ಯಾಕೂಬಸಾಬ ಮೂತಿಯನ್ನು ಎರಡು ಬೆರಳು ಕೆಳಗೆ ಬಾಗಿಸಿದ. ಚಂದ್ರಾಮಪ್ಪ ಹೋಗಿ ಬಂದು, ಈಗ ಹಗುರ ಆಯಿತು ಎಂದ. ಮೂರು ದಿನ ಹಗುರವೇ ಇತ್ತು. ಅದೇ ಕೆಟ್ಟದ್ದಾಯಿತು. ಒಮ್ಮೆಯೂ ಹಗುರಾಗದೆ ಹೋಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಪ್ರತಿ ಸಲ ಪಾನಾ ತಿರುಗಿಸಿದಾಗಲೂ ಎರಡು ದಿನ ಹಗುರಾಗುತ್ತಿತ್ತು, ಆಮೇಲೆ ಮತ್ತೆ ಒತ್ತುತ್ತಿತ್ತು. ಸೀಟು ಹಿಂದೆ ಸರಿಯಿತು, ಮುಂದೆ ಬಂತು, ಒಂದು ಬೆರಳು ಮೇಲೇರಿತು, ಅರ್ಧ ಬೆರಳು ಇಳಿಯಿತು. ಯಾಕೂಬಸಾಬನಿಗೆ ಇದು ಹಟದ ವಿಷಯವಾಯಿತು. ತಾನು ಹದ ಮಾಡಿದ ಸೀಟಿನ ಮೇಲೆ ಕೂತವನು ತಿರುಗಿ ಬಂದದ್ದುಂಟೇ? ಮೈಯಲ್ಲಿ ಏನಾದರೂ ಇರಬಹುದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ತನ್ನ ಕಸುಬಿನ ಮೇಲೆ ಅಷ್ಟು ಸೊಕ್ಕು ಒಳ್ಳೆಯದಲ್ಲ. ಆದರೆ ಕಸುಬುದಾರನಿಗೆ ಅದನ್ನು ಹೇಳುವವರು ಯಾರು?

ಯುಗಾದಿ ಮುಗಿದು ಹದಿನೈದು ದಿನಕ್ಕೆ ಮತ್ತೆ ಪುಡಿ ಹಾಕಿ ನೋಡೋಣ ಎಂದ. ಚಂದ್ರಾಮಪ್ಪ ತಿರುವಿನ ತನಕ ಹೋಗಿ ಬಂದು ಇಳಿದ. ಪುಡಿಯಲ್ಲಿ ಎರಡು ಗುರುತು ಸಮವಾಗಿ ಮೂಡಿದ್ದವು. ಅವೆರಡರ ನಡುವೆ, ಹಿಂಭಾಗದಲ್ಲಿ, ರೂಪಾಯಿ ಅಗಲದ ಜಾಗ ಹಸಿಯಾಗಿ ಕೆಂಪಗಿತ್ತು. ಯಾಕೂಬಸಾಬ ಬೆರಳಿನಿಂದ ಮುಟ್ಟಿದ. ರಗತವೆಂದು ತಿಳಿಯಲು ಅವನಿಗೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ.

“ಲೇ ಚಂದ್ರಾಮ, ಇದೇನೋ?”

ಚಂದ್ರಾಮಪ್ಪ ಮೊದಲು ಬಸ್ಸಿಗೆ ಕಾಯುತ್ತಿದ್ದವರ ಕಡೆ ನೋಡಿದ, ಆಮೇಲೆ ತನ್ನ ಪೈಜಾಮದ ಹಿಂಭಾಗವನ್ನು ಅಂಗಿಯಿಂದ ಮುಚ್ಚಿಕೊಂಡ. ಮುಖ ಸುಟ್ಟ ಬದನೆಕಾಯಿ ಆಗಿತ್ತು.

“ಮೂಲವ್ಯಾಧಿ ಕಾಕಾ. ಉಷ್ಣ ಆಗ್ಯಾದ. ಬಿಸಲಾಗ ತಿರಗತೇನಲ್ಲ.”

“ದವಾಖಾನಿಗಿ ತೋರ್ಸಿದೇನು?”

“ಅಂಥಾ ಜಾಗ ಯಾರಿಗಿ ತೋರ್ಸಲ್ರಿ? ದವಾಖಾನ್ಯಾಗ ಲೇಡೀಸ ಡಾಕ್ಟರ ಅದಾರ. ಮತ್ತ ರಜಾ ಹಾಕಿದ್ರ, ಚಂದ್ರಾಮನ ಮೈಯಾಗ ಆರಾಮಿಲ್ಲ ಅಂತ ಸುದ್ದಿ ಆಗತದ. ಹೆಸರು ಕಳಿಸೋ ಹೊತ್ತನಾಗ ನನ್ನ ಹೆಸರೇ ಬಿಟ್ಟಗಿಟ್ಟಾರು.”

ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅದು ಅವನದೇ ಭಯ.

“ಮನ್ಯಾಗ ಗಂಗಾಬಾಯಿಗೆ?”

“ಆಕಿಗಿ ಹೇಳಿದ್ರ ಊರ ತುಂಬ ಹೇಳಿದಂಗ. ಅತ್ತು ಕರದು ನನ್ನ ಕಲಬುರಗಿಗೇ ಎಳಕೊಂಡು ಹೋಗತಾಳ. ಕಾಕಾ, ನಿಮ್ಮ ಕಾಲ ಹಿಡಿತೇನಿ, ಈ ಮಾತು ಇಲ್ಲೇ ಇರ್ಲಿ.”

ಯಾಕೂಬಸಾಬ ಎದೆಯ ಮೇಲೆ ಕೈ ಇಟ್ಟು, “ದುಕಾನಿನ ಮಾತು ದುಕಾನಿನ್ಯಾಗ” ಎಂದ. ಮಜ್ಜಿಗೆ ಕುಡಿ, ಖಾರ ಬಿಡು, ಮೂಲಂಗಿ ತಿನ್ನು ಎಂದು ತನಗೆ ಗೊತ್ತಿದ್ದ ಔಷಧವನ್ನೂ ಹೇಳಿದ. ಆಮೇಲೆ ಸೀಟಿನ ನಡುವೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ಸ್ಪಂಜನ್ನು ಕೆತ್ತಿ ತೆಗೆದು, ನೋವಿನ ಜಾಗ ತಾಗದಂತೆ ಕಾಲುವೆ ಮಾಡಿದ. ಬಹಳ ಚೆನ್ನಾಗಿ ಮಾಡಿದ. ಅಂಥ ಕೆಲಸ ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಆ ಸೀಟಿಗೆ ಹಾಕಲು ಮಖಮಲಿನ ಕವರು ಹೊಲಿದವಳು ಪ್ಯಾರಿಬಿ. ದುಕಾನಿನ ಸೀಟಿನ ಕವರುಗಳನ್ನೆಲ್ಲ ಮನೆಯ ಮಷೀನಿನಲ್ಲಿ ಅವಳೇ ಹೊಲಿಯುತ್ತಿದ್ದಳು, ಹರಿದದ್ದು ಬಂದರೆ ತೊಳೆದು ತೇಪೆ ಹಾಕುತ್ತಿದ್ದಳು. ಜೂನಿನಲ್ಲಿ ಚಂದ್ರಾಮಪ್ಪನ ಕವರು ತೇಪೆಗೆ ಬಂತು. ತೊಳೆಯಲು ಬಕೆಟ್ಟಿಗೆ ಹಾಕಿದಳು. ನೀರಿನ ಬಣ್ಣ ನೋಡಿ ಗಂಡನನ್ನು ಕರೆದಳು.

“ಇದು ಮೂಲವ್ಯಾಧಿ ಅಲ್ರಿ. ನನ್ನ ತಾಯಿಗಿ ಮೂಲವ್ಯಾಧಿ ಇತ್ತು, ನಾ ಕಂಡೇನಿ. ಇಷ್ಟ ರಗತ ಹೋಗಂಗಿಲ್ಲ. ಗಂಗಾಬಾಯಿಗಿ ಹೇಳ್ರಿ.”

“ಮಾತ ಕೊಟ್ಟೇನಿ.”

“ಮನಷ್ಯಾಗ ಕೊಟ್ಟೀರೋ, ಸೀಟಿಗಿ ಕೊಟ್ಟೀರೋ? ಮನಷ್ಯಾ ಉಳದ್ರ ಅಲ್ಲೇನ್ರಿ ನಿಮ್ಮ ಮಾತಿಗಿ ಬೆಲಿ? ನೀವು ಹೇಳದಿದ್ರ ನಾನೇ ಹೇಳತೇನಿ.”

ಯಾಕೂಬಸಾಬ ಅಪರೂಪಕ್ಕೆ ದನಿ ಏರಿಸಿದ. ಹೇಳಿದರೆ ನನ್ನ ಆಣೆ ಎಂದ. ಗಂಡನ ಮೇಲಿನ ಆಣೆಯನ್ನು ಮುರಿಯುವ ಹೆಂಗಸು ಅವಳಲ್ಲ. ಬಕೆಟ್ಟಿನ ನೀರನ್ನು ಗಟಾರಕ್ಕೆ ಚೆಲ್ಲಿ, ಕವರು ಒಣಗಿಸಿ, ತೇಪೆ ಹಾಕಿ ಕೊಟ್ಟಳು. ಆದರೆ ಆವತ್ತಿನಿಂದ ಗಂಗಾಬಾಯಿ ಎದುರಿಗೆ ಬಂದರೆ ಪ್ಯಾರಿಬಿ ಬೇರೆ ಓಣಿ ಹಿಡಿದು ಹೋಗತೊಡಗಿದಳು.

ಶ್ರಾವಣದಲ್ಲಿ ಗಂಗಾಬಾಯಿಯೇ ದುಕಾನಿಗೆ ಬಂದಳು. ಕೈಯಲ್ಲಿ ಪತ್ರಿ, ಮಲ್ಲಿಗೆ ಇದ್ದ ಚೀಲ. ಸುಮ್ಮನೆ ನಿಂತಿದ್ದು, ಗಿರಾಕಿ ಹೋದ ಮೇಲೆ ಕೇಳಿದಳು.

“ಕಾಕಾ, ಇವ್ರು ವಾರಕ್ಕ ಎರಡ ಸಲ ನಿಮ್ಮ ದುಕಾನಿಗಿ ಬರ್ತಾರಲ್ರಿ, ಏನಾಗ್ಯಾದ ಸೈಕಲ್ಲಿಗಿ? ಉಣಲಾಕ ಕುಂತ್ರ ಅರ್ಧಾ ರೊಟ್ಟಿಗೇ ಏಳತಾರ. ತಮ್ಮ ಅರಬಿ ತಾವೇ ಒಕ್ಕೋತಾರ. ಕೇಳಿದ್ರ ನನ್ನ ಮ್ಯಾಲೇ ಸಿಟ್ಟ ಮಾಡತಾರ. ನಿಮ್ಮ ಮುಂದ ಏನರ ಅಂದಾರೇನ್ರಿ?”

ಮಾತು ಯಾಕೂಬಸಾಬನ ಗಂಟಲ ತನಕ ಬಂದಿತ್ತು. ಅಷ್ಟು ಹತ್ತಿರ ಬಂದಿತ್ತು. ಆದರೆ ಆಳಂದದ ಅಂಗಡಿಯ ಮುಂದೆ ಮಣ್ಣು ತೂರಿದ ಆ ತಾಯಿ ಕಣ್ಣ ಮುಂದೆ ನಿಂತಳು. ಅವನು ಗಾಳಿ ಪಂಪಿನ ವಾಷರ್ ಹುಡುಕುವವನಂತೆ ಕೆಳಗೆ ನೋಡಿದ.

“ಹೊಸಾ ಸೀಟು ಬೇ ಯವ್ವಾ. ಮೈಗಿ ಇನ್ನಾ ಹೊಂದಿಲ್ಲ, ಇನ್ನ ನಾಕ ದಿನಾ ಹಿಡೀತದ.”

“ಸೀಟೇನ್ರಿ? ನಾ ಏನೇನೋ ತಿಳಕೊಂಡಿದ್ದೆ” ಎಂದು ಗಂಗಾಬಾಯಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಮನೆಗೆ ಹೋಗಿ ಆವತ್ತು ಹೂರಣದ ಹೋಳಿಗೆ ಮಾಡಿದಳಂತೆ. ಚಂದ್ರಾಮಪ್ಪ ಒಂದು ಹೋಳಿಗೆ ತಿಂದು, ಅದನ್ನೂ ಕಾರಿಕೊಂಡ.

ದಸರೆಯ ಹೊತ್ತಿಗೆ ಅವನ ಅಂಗಿ ಹಗ್ಗದ ಮೇಲೆ ಹಾಕಿದ ಹಾಗೆ ತೂಗುತ್ತಿತ್ತು. ದುಕಾನಿಗೆ ಬರುವುದನ್ನು ಬಿಟ್ಟಿದ್ದ. ಒಂದು ಮುಂಜಾನೆ ಯಾಕೂಬಸಾಬ ದುಕಾನು ತೆರೆಯುವಾಗ ಚಂದ್ರಾಮಪ್ಪ ಪಂಪಿನ ಮನೆಯ ಕಡೆ ಹೊರಟಿದ್ದನ್ನು ಕಂಡ. ಪೆಡಲುಗಳ ಮೇಲೆ ನಿಂತೇ ತುಳಿಯುತ್ತಿದ್ದ. ಏರು ಇರಲಿಲ್ಲ, ಎದುರುಗಾಳಿ ಇರಲಿಲ್ಲ, ಸಮತಟ್ಟಾದ ಡಾಂಬರು ರಸ್ತೆ. ಅಷ್ಟು ಕಷ್ಟಪಟ್ಟು ಕಾಲುವೆ ಕೆತ್ತಿದ ಸೀಟು ಅವನ ಹಿಂದೆ ಖಾಲಿ ಇತ್ತು. ಆಗ ಯಾಕೂಬಸಾಬನಿಗೆ ತಿಳಿಯಿತು. ಇದು ಸೀಟಲ್ಲ, ಎಂದೂ ಸೀಟಾಗಿರಲಿಲ್ಲ, ಮೂಲವ್ಯಾಧಿಯೂ ಅಲ್ಲ. ತಿಳಿದು ಏನು ಮಾಡಿದ? ನಾಳೆ ಗಂಗಾಬಾಯಿಗೆ ಹೇಳೋಣ ಎಂದುಕೊಂಡ. ಶುಕ್ರವಾರ ನಮಾಜು ಮುಗಿಸಿ ಹೇಳೋಣ ಎಂದುಕೊಂಡ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬುದು ತೋಚದೆ ಮತ್ತೊಂದು ವಾರ ದೂಡಿದ. ಮೊದಲು ಅವನ ಬಾಯಿ ಕಟ್ಟಿದ್ದು ಕೊಟ್ಟ ಮಾತು, ಈಗ ಕಟ್ಟಿದ್ದು ಹೆದರಿಕೆ. ಎರಡಕ್ಕೂ ಅವನು ಒಂದೇ ಹೆಸರು ಇಟ್ಟುಕೊಂಡಿದ್ದ.

ಕಾರ್ತಿಕದ ಎರಡನೆಯ ಸೋಮವಾರ ಊರಿಗೆ ನೀರು ಬರಲಿಲ್ಲ. ಹೆಂಗಸರು ಬೈಯುತ್ತ ಪಂಪಿನ ಮನೆಗೆ ಹೋದಾಗ ಚಂದ್ರಾಮಪ್ಪ ವಾಲ್ವಿನ ಗುಂಡಿಯ ಪಕ್ಕ ಪ್ರಜ್ಞೆ ತಪ್ಪಿ ಬಿದ್ದಿದ್ದ. ಕಲಬುರಗಿಗೆ ಒಯ್ದರು. ಗುದದಲ್ಲಿ ಗಂಟು ಬೆಳೆದಿದೆ, ಕ್ಯಾನ್ಸರು, ಲಿವರಿಗೂ ಹಬ್ಬಿದೆ ಎಂದರು. ರಕ್ತ ಹೋಗಲು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದ್ದಕ್ಕೆ ಚಂದ್ರಾಮಪ್ಪ ಹೆಂಡತಿಯ ಮುಖ ನೋಡಿ, “ಹದಿನೈದ ದಿನಾ ಆತ್ರಿ” ಎಂದ. ಡಾಕ್ಟರು ನಂಬಲಿಲ್ಲ, ತಲೆಯಾಡಿಸಿದರು. ಮೊದಲೇ ಬಂದಿದ್ದರೆ ಕೊಯ್ದು ತೆಗೆಯಲು ಬರುತ್ತಿತ್ತು ಎಂದಷ್ಟೇ ಹೇಳಿ ಮುಂದಿನ ರೋಗಿಯ ಕಡೆ ಹೋದರು. ಗಂಗಾಬಾಯಿ ಮಾತ್ರ ಆ ಹದಿನೈದು ದಿನವನ್ನು ನಂಬಿದಳು. ಗಂಡ ಸುಳ್ಳು ಹೇಳುವವನಲ್ಲ. ಊರಿಗೆ ತಂದು ಮಲಗಿಸಿದ ಮೇಲೆ ನೋಡಲು ಬಂದವರಿಗೆಲ್ಲ ಅದನ್ನೇ ಕೇಳುತ್ತಿದ್ದಳು.

“ಹದಿನೈದ ದಿನದಾಗ ಇಷ್ಟ ಬೆಳೀತದೇನ್ರಿ?”

ಯಾಕೂಬಸಾಬ ಎಳ್ಳಮಾವಾಸ್ಯೆಯ ಹಿಂದಿನ ದಿನ ನೋಡಲು ಹೋದ. ಓಣಿಯ ಮನೆಗಳಲ್ಲೆಲ್ಲ ಹೊಲಕ್ಕೆ ಒಯ್ಯಲು ಸಜ್ಜೆ ರೊಟ್ಟಿ ಬಡಿಯುವ ಸಪ್ಪಳ. ಚಂದ್ರಾಮಪ್ಪ ಮಗ್ಗುಲಾಗಿ ಮಲಗಿದ್ದ. ಬೆನ್ನ ಮೇಲೆ ಮಲಗಲು ಬರುತ್ತಿರಲಿಲ್ಲ, ಕೂಡುವುದಂತೂ ದೂರದ ಮಾತು. ಗಂಗಾಬಾಯಿ ನೀರು ತರಲು ಒಳಗೆ ಹೋದಾಗ ಅವನು ಯಾಕೂಬಸಾಬನ ಕೈ ಹಿಡಿದು ಎಳೆದ.

“ಕಾಕಾ, ಯಾರ ಮುಂದೂ ಹೇಳಿಲ್ಲಲ್ಲ?”

“ಇಲ್ಲಪ್ಪ.”

“ನೀವು ಮಾತಿನ ಮನಷ್ಯಾರ್ರಿ.”

ಅವನು ಮನಸಾರೆ ಹೇಳಿದ್ದು. ಯಾಕೂಬಸಾಬ ಜನ್ಮದಲ್ಲಿ ಕೇಳಿದ ಬೈಗುಳವೆಲ್ಲ ಒಂದು ತೂಕ, ಆ ಹೊಗಳಿಕೆ ಒಂದು ತೂಕ. ಗಂಗಾಬಾಯಿ ತಂದ ನೀರನ್ನು ಮುಟ್ಟದೆ ಎದ್ದು ಬಂದ.

ಎಂಟು ದಿನಕ್ಕೆ ಚಂದ್ರಾಮಪ್ಪ ತೀರಿಕೊಂಡ. ಲಿಂಗ ಕಟ್ಟಿದವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿಯೇ ಒಯ್ಯುವುದು, ಕೂಡಿಸಿಯೇ ಮಣ್ಣು ಕೊಡುವುದು. ಯಾಕೂಬಸಾಬ ಹೋದಾಗ ಪಡಸಾಲೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿ ಅವನನ್ನು ಕೂಡಿಸಿದ್ದರು. ವಾಲದಂತೆ ಎದೆಗೆ ಬಟ್ಟೆ ಕಟ್ಟಿದ್ದರು. ಒಂಬತ್ತು ತಿಂಗಳು ಕೂಡಲು ಬಾರದೆ ಒದ್ದಾಡಿದವನು ನೆಟ್ಟಗೆ ಕೂತಿದ್ದ. ಭಜನೆಯವರು ಒಂದು ಪದ ಮುಗಿಸಿ ಚಹಾ ಕುಡಿಯುತ್ತಿದ್ದರು. ಯಾಕೂಬಸಾಬನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ, ಮಡಿಸಿದ ಕಾಲುಗಳಿಗೇ ಇಳಿಯುತ್ತಿತ್ತು.

ಗಂಗಾಬಾಯಿ ಗಂಡನ ಮೊಣಕಾಲ ಪಕ್ಕ ಕೂತು ಎದೆ ಬಡಿದುಕೊಳ್ಳುತ್ತಿದ್ದಳು.

“ನೋಡ್ರಿ ಕಾಕಾ, ನಾನೇ ಕೊಂದೆ. ಖಾರಾ ತಿನ್ನಿಸಿ ಕೊಂದೆ. ಒಂದೇ ಹಾಸಿಗ್ಯಾಗ ಮಲಗಿ ನನಗ ತಿಳೀಲಿಲ್ಲ. ನಾ ಎಂಥಾ ಹೆಂಗಸ್ರಿ? ನಾನೇ ಕೊಂದೆ.”

ಇದನ್ನು ಮಾತ್ರ ಅವನಿಂದ ತಾಳಲಾಗಲಿಲ್ಲ. ಅವಳ ಎದುರಿಗೆ ಕೂತ.

“ನೀ ಅಲ್ಲ ಬೇ ಯವ್ವಾ. ಹದಿನೈದ ದಿನಾ ಅಲ್ಲ. ಯುಗಾದಿ ಮುಗದ ಮ್ಯಾಲೇ ರಗತ ಹೋಗಾಕತ್ತಿತ್ತು. ನಾ ಕಣ್ಣಾರೆ ನೋಡೇನಿ. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಮಾತ ತಗೊಂಡಿದ್ದ.”

ಎದೆ ಬಡಿಯುತ್ತಿದ್ದ ಕೈ ನಿಂತಿತು.

“ಶ್ರಾವಣದಾಗ ನಾ ದುಕಾನಿಗಿ ಬಂದಾಗ ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

“ಸೀಟು ಅಂದ್ರಿ.”

ಗಂಗಾಬಾಯಿ ಅಳಲಿಲ್ಲ, ಶಾಪ ಹಾಕಲಿಲ್ಲ. ಗಂಡನ ಕೊರಳಿನಿಂದ ಜಾರಿದ ಹೂವಿನ ಸರವನ್ನು ಸರಿಮಾಡಿ, ಯಾಕೂಬಸಾಬನ ಕಡೆ ನೋಡದೆ ಹೇಳಿದಳು.

“ಮಣ್ಣಿಗಿ ಬರಬ್ಯಾಡ್ರಿ ಕಾಕಾ. ಮನಿಗಿ ಹೋಗ್ರಿ.”

ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟ. ಯಾರೂ ತಡೆಯಲಿಲ್ಲ. ಮನೆಗೆ ಬಂದಾಗ ಪ್ಯಾರಿಬಿ ಮಣ್ಣಿಗೆ ಹೊರಡಲು ಚಾದರ ಹೊದ್ದು ಬಾಗಿಲಲ್ಲಿ ನಿಂತಿದ್ದಳು.

“ಇಷ್ಟ ಲಗೂನ ಯಾಕ ಬಂದ್ರಿ?”

“ಹೇಳಿ ಬಂದೆ.”

“ಇವತ್ತ ಹೇಳಿದ್ರ್ಯಾ?” ಎಂದಳು. ಆಮೇಲೆ ಚಾದರವನ್ನು ತೆಗೆದು ಮಡಿಸತೊಡಗಿದಳು.

“ನೀನರ ಹೋಗಿ ಬಾ” ಎಂದ ಯಾಕೂಬಸಾಬ.

“ನನಗೂ ಗೊತ್ತಿತ್ತಲ್ರಿ” ಎಂದು ಅವಳು ಒಳಗೆ ಹೋದಳು.